ಕಬ್ಬಿಣ ಕೋದ ಸರಪಣಿ

ತುಂಗಭದ್ರೆಯ ದಡದಲ್ಲಿ ತಿಪ್ಪೇರುದ್ರಪ್ಪ ಮೇಷ್ಟ್ರದ್ದೊಂದು ಪುಟ್ಟ ಪ್ರಯೋಗಶಾಲೆ. ಅಲ್ಲಿ ಕಲಿಯಲು ಬಂದವಳು ಭಾಮಿನಿ ಒಬ್ಬಳೇ.

ಅವಳು ಮಾಡಬೇಕಿದ್ದದ್ದು ಕಬ್ಬಿಣವಿರುವ ಪಾಲಿಮರ್. ಕೆಂಪು ಹರಳುಗಳನ್ನು ಕರಗಿಸಿ, ಕೆಲಸ ಶುರು ಮಾಡಿಸುವ ದ್ರವದ ಒಂದು ಹನಿ ಬಿಟ್ಟರೆ ಸಾಕು. ಅಣುಗಳು ಒಂದರ ಕೈ ಒಂದು ಹಿಡಿದು ಸರಪಣಿಯಾಗುತ್ತವೆ, ಒಂದೊಂದು ಕೊಂಡಿಯಲ್ಲೂ ಒಂದೊಂದು ಕಬ್ಬಿಣ.

ಸರಪಣಿ ಉದ್ದವಾದರೆ ಅದರಿಂದ ತೆಳು ಪೊರೆ ಮಾಡಬಹುದು. ವಿದ್ಯುತ್ ಹರಿಸಿದರೆ ಆ ಪೊರೆ ಬಣ್ಣ ಬದಲಿಸುತ್ತದೆ. ಸುಟ್ಟರೆ ಅಯಸ್ಕಾಂತಕ್ಕೆ ಅಂಟುವ ಪಿಂಗಾಣಿಯಾಗುತ್ತದೆ. ಆದರೆ ನಡುವೆ ಒಂದಿಷ್ಟು ಗಾಳಿ ತಾಗಿತೋ, ಬೆಳವಣಿಗೆ ಅಲ್ಲಿಗೇ ನಿಂತಿತು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಭಾಮಿನಿಗೆ ಬುದ್ಧಿ ಚೆನ್ನಾಗಿಯೇ ಇತ್ತು, ಆತುರ ಅದಕ್ಕಿಂತ ಚೆನ್ನಾಗಿತ್ತು. ಮೂರನೆಯ ಸಲವೂ ಗಾಜಿನ ಬುಡ್ಡಿಯಲ್ಲಿ ಉಳಿದದ್ದು ಬರೀ ಪುಡಿ. ಮೂರು ತಿಂಗಳು ಕೂತು ಮಾಡಿದ್ದ ಹರಳೂ ಮುಗಿಯಿತು.

ಅವಳು ಚೀಲ ಕಟ್ಟಿಕೊಂಡು ಬಂದು ನಿಂತಳು.

“ಊರಿಗೆ ಹೋಗ್ತೀನಿ ಮೇಷ್ಟ್ರೇ. ಇದು ನನ್ನ ಕೈಲಿ ಆಗಲ್ಲ.”

“ಬುಡ್ಡಿಯ ಮುಚ್ಚಳಕ್ಕೆ ಎಷ್ಟು ಸಲ ಸೂಜಿ ಚುಚ್ಚಿ, ನೋಡೋಕೆ ಅಂತ ಹನಿ ಎಳೆದೆ?”

“ಹತ್ತು ನಿಮಿಷಕ್ಕೊಂದು ಸಲ.”

“ಚುಚ್ಚಿದಾಗಲೆಲ್ಲ ಗಾಳಿ ಒಳಗೆ ಹೋಗುತ್ತಲ್ಲ, ಯಾಕಮ್ಮಾ?”

“ಬೆಳೀತಿದೆಯೋ ಇಲ್ಲವೋ ಅಂತ ಭಯ.”

ಮೇಷ್ಟ್ರು ನಕ್ಕುಬಿಟ್ಟರು. “ಅನ್ನದ ಅಗುಳನ್ನೂ ಯಾರೂ ಇಷ್ಟು ಸಲ ಹಿಸುಕಿ ನೋಡಲ್ಲ, ತಾಯಿ.”

ಒಳಗೆ ಹೋಗಿ ಒಂದು ಗಾಜಿನ ಕೊಳವೆ ತಂದರು. ಅದರ ತುಂಬ ಕೆಂಪು ಹರಳು. ಅವರೇ ವರ್ಷವಿಡೀ ಮಾಡಿದ್ದು. ಇನ್ನು ಉಳಿದದ್ದು ಅದೊಂದೇ.

“ಇದು ನಿಮ್ಮ ಕೆಲಸಕ್ಕೆ ಇಟ್ಟುಕೊಂಡಿದ್ದಲ್ವಾ?”

“ಹೌದು.”

“ಇದನ್ನೂ ಹಾಳು ಮಾಡಿದರೆ?”

“ಹನಿ ನೀನೇ ಬಿಡು,” ಎಂದರು ಮೇಷ್ಟ್ರು.

ಭಾಮಿನಿ ಹರಳನ್ನು ಬುಡ್ಡಿಯಲ್ಲಿ ಕರಗಿಸಿ ಸೂಜಿ ಹಿಡಿದಳು. ಹನಿ ಬಿದ್ದಿತು. ಮೇಷ್ಟ್ರು ಹೆಗಲ ಮೇಲಿನ ಟವೆಲನ್ನು ಬುಡ್ಡಿಗೆ ಹೊದಿಸಿ, ಅವಳನ್ನು ಕರೆದುಕೊಂಡು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂರಿಸಿದರು.

“ಒಂದೇ ಒಂದು ಸಲ ನೋಡಿ ಬರಲಾ?”

“ಕೂತ್ಕೋ.”

ಸ್ವಲ್ಪ ಹೊತ್ತಾಯಿತು.

“ಈಗ?”

“ಕೂತ್ಕೊಳ್ಳಮ್ಮಾ.”

ಅವಳಿಗೆ ಅಳುವೇ ಬಂತು. ಈ ಮುದುಕರ ವರ್ಷದ ದುಡಿಮೆ ತನ್ನ ಕೈಯಿಂದ ಮಣ್ಣುಪಾಲಾದರೆ ಯಾವ ಮುಖ ಇಟ್ಟುಕೊಂಡು ಇಲ್ಲಿರುವುದು?

“ನೋಡದೇ, ಅದು ಬೆಳೀತಿದೆ ಅಂತ ಹೇಗೆ ನಂಬಲಿ ಮೇಷ್ಟ್ರೇ?”

ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು.

“ನೀನು ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ಎಷ್ಟು ಬೆಳೆದೆ ಅಂತ ಒಂದು ದಿನವಾದರೂ ನಿನ್ನನ್ನ ಚುಚ್ಚಿ ನೋಡಿದ್ದೀನಾ, ಮಗಳೇ?”