ಕೊನೆಯ ಸಾಲಿನಲ್ಲಿ ಕೂತ ಕಡವೆ

ಬಿದಿರುಮಲೆಯ ಕಾಡಿನಲ್ಲಿ ಪ್ರಾಣಿಗಳ ಮರಿಗಳಿಗೆಂದೇ ಒಂದು ಶಾಲೆ ಇತ್ತು. ಅಲ್ಲಿ ಅಕ್ಷರ ಕಲಿಸುತ್ತಿರಲಿಲ್ಲ, ಬದುಕಿ ಉಳಿಯುವುದನ್ನು ಕಲಿಸುತ್ತಿದ್ದರು. ಗಾಳಿಯಲ್ಲಿ ಹುಲಿಯ ವಾಸನೆ ಹಿಡಿಯುವುದು ಹೇಗೆ, ಯಾವ ಕಾಯಿ ತಿಂದರೆ ಹೊಟ್ಟೆ ಕೆಡುತ್ತದೆ, ಬೇಟೆಗಾರ ಎಲೆಯಡಿ ಬಚ್ಚಿಟ್ಟ ಉರುಲನ್ನು ಕಂಡುಹಿಡಿಯುವುದು ಹೇಗೆ, ಇಂಥ ಪಾಠಗಳು.

ಮುದಿ ಕರಡಿ ಶಾಲೆಯ ಕೆಲಸ ಬಿಟ್ಟ ಮೇಲೆ ತುಂಗೆ ಎಂಬ ಕಡವೆ ಅಲ್ಲಿಗೆ ಹೆಡ್‌ಮಿಸ್ ಆಗಿ ಬಂತು. ತುಂಗೆ ಒಳ್ಳೆಯ ಮನಸ್ಸಿನದು. ಆದರೆ ಜಾಗ ಹೊಸದು, ಕೆಲಸವೂ ಹೊಸದು. ಅದಕ್ಕೇ ಅಲ್ಲಿ ಬಹುಕಾಲದಿಂದ ಪಾಠ ಹೇಳುತ್ತಿದ್ದ ಜಾಣಪ್ಪ ಎಂಬ ನರಿಯ ಮಾತನ್ನೇ ನಂಬಿಕೊಂಡಿತು.

ಶಾಲೆ ನಡೆಯುತ್ತಿದ್ದದ್ದು ಒಂದು ಜಲಪಾತದ ಪಕ್ಕದ ಬಯಲಿನಲ್ಲಿ. ಯಾರು ಎಲ್ಲಿ ಕೂರಬೇಕು ಎಂದು ಹೇಳುವುದು ಜಾಣಪ್ಪನೇ. ಮೊಲ, ನವಿಲು, ಜಿಂಕೆಗಳ ಮರಿಗಳು ಮುಂದೆ. ಅವರ ಮನೆಗಳಿಂದ ಜಾಣಪ್ಪನಿಗೆ ಬುಟ್ಟಿಗಟ್ಟಲೆ ಎಲಚಿಹಣ್ಣು ಬರುತ್ತಿತ್ತು. ಕತ್ತೆಕಿರುಬ, ಮುಳ್ಳುಹಂದಿ, ಗೂಬೆಗಳ ಮರಿಗಳು ಹಿಂದೆ, ಜಲಪಾತದ ಬುಡದಲ್ಲಿ.

"ಹಿಂದಿನವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಮ್ಮಾವ್ರೇ," ಎಂದಿತು ನರಿ. "ಅವರ ಕುಲವೇ ಅಂಥದ್ದು. ಗೂಬೆ ಅಪಶಕುನ, ಕತ್ತೆಕಿರುಬ ಕೊಳೆತದ್ದು ತಿನ್ನುವ ಜಾತಿ. ವಿದ್ಯೆ ಎಲ್ಲಿಂದ ಹತ್ತಬೇಕು?"

ತುಂಗೆ ತರಗತಿಯ ಮುಂದೆ ನಿಂತು ಒಂದೆರಡು ಪ್ರಶ್ನೆ ಕೇಳಿ ನೋಡಿತು. ಮುಂದಿನ ಮರಿಗಳು ಥಟ್ಟನೆ ಉತ್ತರ ಹೇಳಿದವು. ಹಿಂದಿನವು ಪಿಳಿಪಿಳಿ ಕಣ್ಣು ಬಿಟ್ಟವು. ನರಿ ಹೇಳಿದ್ದು ನಿಜವೇ ಇರಬೇಕು ಎಂದುಕೊಂಡು ತುಂಗೆ ಸುಮ್ಮನಾಯಿತು.

ಚಳಿಗಾಲ ಮುಗಿಯುತ್ತಾ ಬಂತು. ಒಂದು ದಿನ ನರಿ ಬಂದು, "ಹಿಂದಿನ ಸಾಲಿನವರನ್ನೆಲ್ಲ ಶಾಲೆ ಬಿಡಿಸೋಣ ಅಮ್ಮಾವ್ರೇ. ದಂಡಪಿಂಡಗಳು," ಎಂದಿತು. ತುಂಗೆ ಹೂಂ ಅಂದುಬಿಟ್ಟಿತು.

ಸುದ್ದಿ ಕೇಳಿ ಕತ್ತೆಕಿರುಬವೊಂದು ಓಡೋಡಿ ಬಂತು. ಅದರ ಮಗಳು ಕೆಂಚಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಮರಿ.

"ಅಮ್ಮಾ, ಕೆಂಚೀನ ಬಿಡಿಸಬೇಡಿ," ಎಂದು ಅದು ಅಂಗಲಾಚಿತು. "ಹೋದ ವರ್ಷ ಶಾಲೆ ಬಿಡಿಸಿದ ಮುಳ್ಳುಹಂದಿ ಮರಿ ಉರುಲಿಗೆ ಸಿಕ್ಕು ಕಾಲು ಕಳಕೊಂಡಿತು. ನನ್ನ ಮಗೂಗೂ ಹಾಗಾದರೆ?"

"ಕಲಿಯುವ ಆಸೆ ಅವಳಿಗೂ ಇರಬೇಕಲ್ಲಮ್ಮ?"

"ಆಸೆ ಇದೆ. ಆದರೆ ಶಾಲೇಲಿ ನೀರಿನ ಸದ್ದು ಬಿಟ್ಟರೆ ಏನೂ ಕೇಳಿಸೋದಿಲ್ಲ ಅಂತಾಳೆ."

ತುಂಗೆಗೆ ಸ್ವಲ್ಪ ರೇಗಿತು. ತನ್ನ ಮಕ್ಕಳ ತಪ್ಪನ್ನು ಯಾವ ತಾಯಿ ಒಪ್ಪುತ್ತಾಳೆ ಎಂದುಕೊಂಡಿತು. ಆದರೂ ಆ ಮಾತು ಅದರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ತಾನು ಯಾವತ್ತೂ ಆ ಹಿಂದಿನ ಸಾಲಿನ ತನಕ ನಡೆದೇ ಇಲ್ಲವಲ್ಲ!

ಮರುದಿನ ಬೆಳಗ್ಗೆ ತುಂಗೆ ಯಾರಿಗೂ ಹೇಳದೆ ಹೋಗಿ ಕೆಂಚಿಯ ಪಕ್ಕ, ಎತ್ತರದ ಹುಲ್ಲಿನ ಮರೆಯಲ್ಲಿ ಕೂತಿತು. ಜಾಣಪ್ಪ ಬಂದು ಪಾಠ ಶುರು ಮಾಡಿತು. ನರಿಯ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಭೋರೆಂಬ ನೀರಿನ ಸದ್ದೊಂದೇ. ತುಂಗೆ ತನ್ನ ಅಗಲವಾದ ಕಿವಿಗಳನ್ನು ಮುಂದಕ್ಕೆ ಚಾಚಿತು. ಊಹೂಂ. ಕಡವೆಯ ಕಿವಿಗೇ ಕೇಳಿಸದ್ದು ಪಾಪ ಈ ಮರಿಗಳಿಗೆ ಹೇಗೆ ಕೇಳಿಸಬೇಕು? ಅಷ್ಟರಲ್ಲಿ ನರಿ ಬಾಯಿಗೆ ಪಂಜ ಹಿಡಿದು ಜೋರಾಗಿ ಕೂಗಿತು. ಬೈಯುವಾಗ ಮಾತ್ರ ಅದರ ದನಿ ಎಲ್ಲ ಕಡೆಗೂ ಮುಟ್ಟುತ್ತಿತ್ತು.

"ಏಯ್, ಹಿಂದಿನ ದಡ್ಡ ಶಿಖಾಮಣಿಗಳಾ! ಈಗ ನಾನೇನು ಹೇಳಿದೆ? ಯಾರಾದರೂ ಎದ್ದು ಹೇಳಿ ನೋಡೋಣ!"

ಹುಲ್ಲಿನ ನಡುವಿನಿಂದ ತುಂಗೆ ಎದ್ದು ನಿಂತಿತು.

"ಗೊತ್ತಾಗಲಿಲ್ಲ ಮೇಷ್ಟ್ರೇ. ಏನೂ ಕೇಳಿಸಲಿಲ್ಲ," ಎಂದು ಅದೂ ಕೂಗಿ ಹೇಳಿತು.

ನರಿಯ ಬಾಲ ಎರಡು ಕಾಲುಗಳ ನಡುವೆ ಸೇರಿತು. ಅದು ಓಡಿ ಬಂದು, "ಅಯ್ಯೋ ಅಮ್ಮಾವ್ರೇ, ನೀವು ಇಲ್ಲಿ ಕೂರೋದೇ? ಇಲ್ಲಿ ನೀರಿನ ಸದ್ದಿಗೆ ಯಾರಿಗೂ ಏನೂ ಕೇಳಿಸೋದಿಲ್ಲ!" ಎಂದು ತೊದಲಿತು.

"ಹಾಗಾದರೆ ನಿಮಗೆ ಗೊತ್ತಿತ್ತು," ಎಂದಿತು ತುಂಗೆ.

ನರಿ ನಾಲಿಗೆ ಕಚ್ಚಿಕೊಂಡಿತು.

ಅಂದೇ ತುಂಗೆ ಶಾಲೆಯನ್ನು ಜಲಪಾತದಿಂದ ದೂರ, ಹಿಪ್ಪೆಮರದ ಕೆಳಗೆ ಸಾಗಿಸಿತು. ಮರಿಗಳು ಸುತ್ತುಗಟ್ಟಿ ಕೂತವು. ಶಾಲೆ ಬಿಡಿಸುವ ಮಾತು ಅಲ್ಲಿಗೆ ನಿಂತಿತು. ಅಷ್ಟೇ ಅಲ್ಲ, ಹಿಂದಿನ ಸಾಲಿನವರಿಗೆ ತಪ್ಪಿಹೋದ ಪಾಠಗಳನ್ನು ತುಂಗೆ ತಾನೇ ದಿನಾ ಸಂಜೆ ಮತ್ತೆ ಮೊದಲಿನಿಂದ ಹೇಳಿಕೊಡತೊಡಗಿತು.

ಇದು ಕೆಲವರಿಗೆ ಸರಿಬರಲಿಲ್ಲ. ಒಂದು ನವಿಲು ಗರಿ ಬಿಚ್ಚಿಕೊಂಡೇ ಬಂತು. "ಇದೇನ್ರೀ ನ್ಯಾಯ? ಅವರಿಗೆ ಮಾತ್ರ ಸಂಜೆ ಪಾಠ! ನಮ್ಮ ಮಗ ಏನು ಪಾಪ ಮಾಡಿದ್ದ?"

"ನಿಮ್ಮ ಮಗನ ಪಾಲಿನದು ಏನಾದರೂ ಕಡಿಮೆ ಆಗಿದೆಯೇ? ಇಲ್ಲವಲ್ಲ," ಎಂದಿತು ತುಂಗೆ. "ಇಷ್ಟು ದಿನ ಈ ಮಕ್ಕಳ ಪಾಲು ಇವರಿಗೆ ಸಿಕ್ಕಿರಲಿಲ್ಲ. ಅದನ್ನು ಕೊಡುತ್ತಿದ್ದೇನೆ, ಹೆಚ್ಚಿನದೇನಲ್ಲ."

ನವಿಲು ಮುಖ ತಿರುಗಿಸಿಕೊಂಡು ಹೋಯಿತು. ನರಿಗೆ ಇದೇ ಬೇಕಿತ್ತು. ಅದು ಮನೆಮನೆಗೆ ಹೋಗಿ ಕಿವಿ ಊದಿತು. ಕೊನೆಗೆ ಎಲ್ಲರನ್ನೂ ಕರೆದುಕೊಂಡು ಬಂದು, "ಎಲ್ಲರ ಎದುರು ಪರೀಕ್ಷೆ ನಡೆಯಲಿ. ಆ ಹಿಂದಿನವರು ಸೋತರೆ ಅಮ್ಮಾವ್ರು ಕೆಲಸ ಬಿಡಲಿ," ಎಂದಿತು. ಆ ಕೆಲಸದ ಮೇಲೆ ನರಿಗೆ ಮೊದಲಿನಿಂದಲೂ ಕಣ್ಣಿತ್ತು.

"ಆಗಲಿ," ಎಂದಿತು ತುಂಗೆ.

ಪರೀಕ್ಷೆ ಸುಲಭದ್ದಾಗಿರಲಿಲ್ಲ. ಮಡುವಿಗೆ ಹೋಗುವ ದಾರಿಗಳು ಮೂರು. ಎರಡರಲ್ಲಿ ನರಿ ಬಳ್ಳಿಯ ಉರುಲು ಕಟ್ಟಿ ಎಲೆ ಮುಚ್ಚಬೇಕು. ಉರುಲಿಲ್ಲದ ದಾರಿಯನ್ನು ಮರಿಗಳು ನೋಡಿ, ಮೂಸಿ ಹುಡುಕಬೇಕು. ಹಿಂದಿನ ದಿನ ಸಂಜೆ ನರಿ ಉರುಲು ಕಟ್ಟಿತು. ಆಮೇಲೆ ಮುಂದಿನ ಸಾಲಿನ ಮರಿಗಳನ್ನು ಮೆಲ್ಲಗೆ ಕರೆದು, "ನಡುವಿನ ದಾರಿ ಹಿಡಿಯಿರಿ. ಯಾರಿಗೂ ಹೇಳಬೇಡಿ," ಎಂದಿತು.

ಬೆಳಗಾಯಿತು. ಕಾಡಿಗೆ ಕಾಡೇ ಬಂದು ಸೇರಿತು. ಮೊದಲು ಬೆಳ್ಳಿ ಎಂಬ ಮೊಲದ ಮರಿಯ ಸರದಿ. ಅದು ಅತ್ತಿತ್ತ ನೋಡದೆ, ಮೂಸದೆ, ನಡುವಿನ ದಾರಿಯಲ್ಲಿ ಕುಪ್ಪಳಿಸಿತು.

"ಬೆಳ್ಳೀ, ನಿಲ್ಲು!" ಎಂದು ಕೆಂಚಿ ಕಿರುಚಿತು.

ನರಿ ಕೆಂಡವಾಯಿತು. "ನೋಡಿದಿರಾ? ಬೇರೆಯವರು ಗೆಲ್ಲೋದು ಕಂಡರೆ ಹೊಟ್ಟೆಕಿಚ್ಚು!"

ಸೇರಿದವರೆಲ್ಲ ಗುಜುಗುಜು ಎಂದರು. ತುಂಗೆ ಕೆಂಚಿಯನ್ನು ನೋಡಿತು. ಮರಿಯ ಮೂಗು ಗಾಳಿಗೆ ನೆಟ್ಟಿತ್ತು. ಇಂಥ ಹೊತ್ತಿನಲ್ಲಿ ಅದರ ಮಾತು ಸುಳ್ಳಾದರೆ ತನ್ನ ಕೆಲಸ ಹೋಗುವುದು ಖಂಡಿತ.

"ಬೆಳ್ಳಿ, ಇದ್ದಲ್ಲೇ ಇರು. ಕಾಲು ಎತ್ತಬೇಡ," ಎಂದಿತು ತುಂಗೆ. "ಕೆಂಚಿ, ಏನಮ್ಮ ವಾಸನೆ?"

"ಬೀಡಿ, ಟೀಚರ್. ಮನುಷ್ಯರ ಕೈ ವಾಸನೆಯೂ ಇದೆ. ಆ ತರಗೆಲೆ ಹತ್ತಿರ."

"ಬೀಡಿಯಂತೆ ಬೀಡಿ!" ನರಿ ನಕ್ಕಿತು. "ನಿನ್ನೆ ನಾನೇ ನೋಡಿದ್ದೇನೆ, ಮೂರರಲ್ಲಿ ಉರುಲಿಲ್ಲದ್ದು ಇದೊಂದೇ ದಾರಿ. ಬೇಕಾದರೆ ನೋಡಿ!" ಎನ್ನುತ್ತಾ ಬೆಳ್ಳಿಯನ್ನು ದಾಟಿ ಧಿಮಾಕಿನಿಂದ ಹೆಜ್ಜೆ ಹಾಕಿತು.

ತರಗೆಲೆ ಸರ್ರೆಂದಿತು. ಬಗ್ಗಿಸಿ ಕಟ್ಟಿದ್ದ ಬಿದಿರು ಸಟ್ಟನೆ ಮೇಲೆದ್ದಿತು. ಜಾಣಪ್ಪನ ಹಿಂಗಾಲು ಹಗ್ಗಕ್ಕೆ ಸಿಕ್ಕಿ, ನರಿ ತಲೆಕೆಳಗಾಗಿ ನೇತಾಡಿತು. ರಾತ್ರಿ ಯಾವನೋ ಬೇಟೆಗಾರ ಬಂದು ಅಲ್ಲಿ ನಿಜವಾದ ಉರುಲನ್ನೇ ಒಡ್ಡಿ ಹೋಗಿದ್ದ.

"ಸತ್ತೆನಪ್ಪೋ! ಬಿಡಿಸ್ರೋ!"

ಕೆಂಚಿ ಹಾರಿ ಬಿದಿರನ್ನು ಕಚ್ಚಿ ಬಗ್ಗಿಸಿತು. ಮುಳ್ಳುಹಂದಿಯ ಮರಿ ಹಗ್ಗವನ್ನು ಕರಕರ ಕಡಿಯಿತು. ನರಿ ದೊಪ್ಪನೆ ಕೆಳಗೆ ಬಿತ್ತು. ಇಷ್ಟು ದಿನ ದಡ್ಡರು ಎಂದು ಬೈಸಿಕೊಂಡವರೇ ಅದರ ಜೀವ ಉಳಿಸಿದ್ದರು. ಬೆಳ್ಳಿ ಬಿಕ್ಕಿ ಬಿಕ್ಕಿ ಅಳತೊಡಗಿತು. "ನಡುವಿನ ದಾರೀಲಿ ಹೋಗು ಅಂತ ಮೇಷ್ಟ್ರೇ ಹೇಳಿಕೊಟ್ಟಿದ್ದರು. ಅದಕ್ಕೇ ನಾನು ಮೂಸಲಿಲ್ಲ."

ಬೆಳ್ಳಿಯ ತಾಯಿ ಓಡಿ ಬಂದು ಮರಿಯನ್ನು ತಬ್ಬಿಕೊಂಡಿತು. ಕೆಂಚಿ ಕೂಗದೇ ಇದ್ದಿದ್ದರೆ? ತಾಯಿ ಮೊಲ ನರಿಯ ಕಡೆ ತಿರುಗಿ, "ಎಲಚಿಹಣ್ಣು ತಿಂದು ಕಲಿಸಿದ ವಿದ್ಯೆ ಇದೇನಾ?" ಎಂದಿತು. ಯಾರೂ ಹೋಗೆನ್ನುವ ಮೊದಲೇ ಜಾಣಪ್ಪ ಕುಂಟುತ್ತಾ ಎದ್ದು ಗುಡ್ಡದ ಆಚೆಗೆ ಹೋಯಿತು. ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ.

ತುಂಗೆ ಹಿಂದಿನ ಸಾಲಿನ ಮರಿಗಳ ಮುಂದೆ ಬಂದು ತಲೆ ಬಾಗಿಸಿತು. "ನಾನೂ ಮೇಷ್ಟ್ರ ಮಾತು ನಂಬಿದ್ದೆ ಮಕ್ಕಳೇ. ಮೊದಲ ದಿನವೇ ನಿಮ್ಮ ಪಕ್ಕ ಬಂದು ಕೂರಬೇಕಾಗಿತ್ತು."

ಗೂಬೆಯ ಮರಿ ನಾಚಿಕೊಂಡು, "ಈಗ ಬಂದಿರಲ್ಲ ಟೀಚರ್," ಎಂದಿತು.

ಕೆಲವು ದಿನಗಳ ಮೇಲೆ ಆ ನವಿಲು ಮತ್ತೆ ಬಂತು. ಈ ಸಲ ಗರಿ ಮುದುಡಿಕೊಂಡಿತ್ತು. "ಅಮ್ಮಾವ್ರೇ, ನಮ್ಮ ಹುಡುಗನಿಗೆ ವಾಸನೆ ಹಿಡಿಯೋದು ಎಷ್ಟು ಮಾಡಿದರೂ ಬರ್ತಾ ಇಲ್ಲ. ಸಂಜೆ ಪಾಠಕ್ಕೆ ಅವನೂ ಬರಬಹುದಾ?"

"ಕೇಳಬೇಕೇನ್ರೀ? ಯಾರಿಗೆ ಬರುವುದಿಲ್ಲವೋ ಅವರಿಗಾಗಿಯೇ ಸಂಜೆ ಪಾಠ. ಇವತ್ತೇ ಕಳಿಸಿ."

ಅಂದು ಸಂಜೆ ಹಿಪ್ಪೆಮರದ ಕೆಳಗೆ ನವಿಲಿನ ಮರಿ ನೆಲಕ್ಕೆ ಕೊಕ್ಕು ಊರಿ ನಿಂತಿತ್ತು. ಪಕ್ಕದಲ್ಲೇ ಕೆಂಚಿ ಕೂತಿತ್ತು.

"ಏನೂ ಗೊತ್ತಾಗ್ತಿಲ್ಲ ಅಕ್ಕಾ," ಎಂದಿತು ನವಿಲಿನ ಮರಿ.

"ಗೊತ್ತಾಗುತ್ತೆ," ಎಂದಿತು ಕೆಂಚಿ. "ಇನ್ನೊಂದ್ಸಲ ನೋಡು. ನಾನೂ ಇಲ್ಲೇ ಇರ್ತೀನಿ."

ನೀತಿ: ಹುಟ್ಟನ್ನು ನೋಡಿ ಯಾರನ್ನೂ ದಡ್ಡರೆನ್ನಬಾರದು. ಅವರಿಗೆ ಕಲಿಯುವ ಅವಕಾಶ ಸಿಕ್ಕಿದೆಯೇ ಎಂದು ಮುಂದಾಳಾದವರು ತಾವೇ ಹೋಗಿ ನೋಡಬೇಕು, ಸಿಕ್ಕಿಲ್ಲವಾದರೆ ಒದಗಿಸಿಕೊಡಬೇಕು.