ಕೆಂಚನ ಟಾಫಿ, ಬೂದಪ್ಪನ ನಮಸ್ಕಾರ

ಒಂದು ಕಾಡಿನಲ್ಲಿ ಒಂದೇ ಒಂದು ಒಲೆ ಇತ್ತು. ಎರಡನೆಯ ಒಲೆ ಹೂಡಲು ಯಾರಿಗೂ ಅಪ್ಪಣೆ ಇರಲಿಲ್ಲ. ಹಿಂದೊಂದು ಬೇಸಿಗೆಯಲ್ಲಿ ಕಿಡಿ ಹಾರಿ ಅರ್ಧ ಗುಡ್ಡವೇ ಸುಟ್ಟುಹೋಗಿತ್ತು. ಆಗ ಪ್ರಾಣಿಗಳೆಲ್ಲ ಸೇರಿ ಒಂದು ಕಟ್ಟಳೆ ಮಾಡಿದವು. ಒಲೆ ಹಳ್ಳದ ಪಕ್ಕದ ಹಾಸುಬಂಡೆಯ ಮೇಲೆಯೇ ಇರಬೇಕು. ಕಾಡಿನವರೆಲ್ಲ ಮೆಚ್ಚುವ ಅಡುಗೆ ಯಾರದೋ, ಒಲೆ ಅವರದು. ಬೇರೆಯವರು ಕಡ್ಡಿಯನ್ನೂ ಹೊತ್ತಿಸುವಂತಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಅಡುಗೆ ಮಾಡಿದವರೇ ಮೊದಲ ತುತ್ತು ತಿನ್ನಬೇಕು. ತಿಂದು ಎಲ್ಲರೆದುರು ‘ಇದು ನನ್ನ ಅಡುಗೆ’ ಎಂದು ಮೂರು ಸಲ ಹೇಳಬೇಕು. ಯಾವ ಕಾಲದಲ್ಲೋ ಒಂದು ಕಾಡುಹಂದಿ ಯಾವುದೋ ಅಣಬೆ ಬೇಯಿಸಿ ಬಡಿಸಿ, ಎಲ್ಲರ ಹೊಟ್ಟೆ ಕೆಟ್ಟಾಗ ನಾನಲ್ಲ ಎಂದಿತ್ತಂತೆ. ಅಂದಿನಿಂದ ಈ ಪದ್ಧತಿ.

ಈಗ ಆ ಒಲೆ ಕೆಂಚನದಾಗಿತ್ತು. ಕೆಂಚ ಒಂದು ಮುಂಗುಸಿ. ಮೂಗಿನಿಂದ ಬಾಲದ ತುದಿಯವರೆಗೆ ಅಳೆದರೂ ಒಂದು ಮೊಳ ದಾಟುತ್ತಿರಲಿಲ್ಲ. ಆದರೆ ಅವನು ಮಾಡುವ ಚಾಕಲೇಟು ಟಾಫಿಯಂಥದ್ದು ಆ ಕಾಡಿನಲ್ಲಷ್ಟೇ ಅಲ್ಲ, ಪಕ್ಕದ ಏಳು ಕಾಡುಗಳಲ್ಲೂ ಇರಲಿಲ್ಲ. ಅದು ಸುಮ್ಮನೆ ಆಗುವ ತಿಂಡಿಯಲ್ಲ. ಹಳ್ಳದಂಚಿನ ಕೋಕೋ ಮರದಲ್ಲಿ ಕಾಯಿ ಹಳದಿಯಾಗುವವರೆಗೆ ಅವನು ಕಾಯುತ್ತಿದ್ದ. ಒಡೆದು, ಬೀಜಗಳನ್ನು ಬಾಳೆಲೆಯಲ್ಲಿ ಸುತ್ತಿ ಆರು ದಿನ ಇಡುತ್ತಿದ್ದ. ಆಮೇಲೆ ಬಿಸಿಲಿಗೆ ಹರವಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು, ಕಲ್ಲಿನ ಮೇಲೆ ಅರೆಯುತ್ತಿದ್ದ. ಕೈ ಸೋತು ಬಿದ್ದುಹೋಗುವ ಹೊತ್ತಿಗೆ ಚಾಕಲೇಟು ಆಗುತ್ತಿತ್ತು. ಅದು ಮೇಲಿನ ಪದರ ಮಾತ್ರ.

ಕೆಳಗಿನ ಟಾಫಿಗೆ ಬೆಣ್ಣೆ ಬೇಕು. ಕಾಡೆಮ್ಮೆ ಮಾದಮ್ಮ ಹಾಲು ಕೊಡುತ್ತಿದ್ದಳು. ಕೆಂಚ ಅದನ್ನು ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತಿದ್ದ. ಬೆಣ್ಣೆಯಷ್ಟೇ ತೂಕದ ಬೈನೆ ಮರದ ಬೆಲ್ಲ ಹಾಕಿ, ಮಡಕೆಯನ್ನು ಒಲೆಗೇರಿಸಿ, ಮರದ ಸೌಟಿನಿಂದ ತಿರುವುತ್ತಿದ್ದ. ಸೌಟು ನಿಂತರೆ ತಳ ಹಿಡಿಯುತ್ತದೆ. ಮೂಗಿನ ಮೇಲೆ ನೊಣ ಕೂತರೂ ಅವನು ಸೌಟು ಬಿಡುತ್ತಿರಲಿಲ್ಲ.

ಕೊನೆಗೆ ಬರುವುದೇ ಹದ. ಕೆಂಚ ಕುದಿಯುವ ಪಾಕದ ಒಂದು ಹನಿಯನ್ನು ಕರಟದ ತಣ್ಣೀರಿಗೆ ಬಿಡುತ್ತಿದ್ದ. ಅದು ಮಣಿಯಂತಾದ ಮೇಲೆ ಎತ್ತಿ ಬಂಡೆಯ ಮೇಲೆ ಹಾಕುತ್ತಿದ್ದ. ಪಕ್ಕದಲ್ಲೇ ಹಳ್ಳ ಧೋ ಎಂದು ಧುಮುಕುವ ಜಾಗ. ಸಣ್ಣ ಸದ್ದು ಕೇಳುವುದಿಲ್ಲ. ಹಾಗಾಗಿ ಅವನು ಮೊಣಕಾಲೂರಿ, ಬಗ್ಗಿ, ಕಿವಿಯನ್ನು ಬಂಡೆಗೆ ಹಚ್ಚಿ ಕೇಳುತ್ತಿದ್ದ. ‘ಪಚ್’ ಎಂದರೆ ಎಳೆ ಪಾಕ, ಇನ್ನೂ ಕುದಿಯಬೇಕು. ‘ಟಪ್’ ಎಂದರೆ ಇನ್ನು ಸ್ವಲ್ಪ. ‘ಟಣ್’ ಎಂದರೆ ಆಯಿತು. ಕೂಡಲೇ ಪಾಕವನ್ನು ಬೆಣ್ಣೆ ಸವರಿದ ಎಲೆಯ ಮೇಲೆ ಸುರಿದು, ಮೇಲೆ ಚಾಕಲೇಟು ಬಳಿದು, ಹುರಿದ ಗೇರುಬೀಜದ ಪುಡಿ ಉದುರಿಸುತ್ತಿದ್ದ.

ಈ ಕೆಲಸವನ್ನೆಲ್ಲ ಬಂಡೆಯ ಪಕ್ಕದ ಮತ್ತಿಮರದ ಮೇಲಿನಿಂದ ಒಬ್ಬ ನೋಡುತ್ತಿದ್ದ. ಅವನೇ ಬೂದಪ್ಪ. ಕಪ್ಪು ಮೋರೆಯ, ಮಾರುದ್ದ ಬಾಲದ ಮುಸುವ ಕೋತಿ. ಒಂದು ಚಳಿಗಾಲವಿಡೀ ಅವನು ಕೊಂಬೆ ಬಿಟ್ಟು ಕದಲಲಿಲ್ಲ. ಎಷ್ಟು ದಿನ ಬಾಳೆಲೆ, ಎಷ್ಟು ಬೆಣ್ಣೆ, ಎಷ್ಟು ಬೆಲ್ಲ ಎಲ್ಲವನ್ನೂ ಕಣ್ಣಲ್ಲೇ ತುಂಬಿಕೊಂಡ. ಸದ್ದು ಮಾತ್ರ ಅಷ್ಟು ಎತ್ತರಕ್ಕೆ ಬರುತ್ತಿರಲಿಲ್ಲ.

ಒಂದು ದಿನ ಬೂದಪ್ಪ ಕರಡಿ ಅಜ್ಜನ ಬಳಿ ಹೋಗಿ ದೂರು ಹೇಳಿದ. ಕರಡಿ ಅಜ್ಜ ಕಾಡಿನ ನ್ಯಾಯ ಹೇಳುವವನು. ಬಾಯಲ್ಲಿ ಉಳಿದದ್ದು ಎರಡೇ ಹಲ್ಲು, ಆದರೂ ಅವನ ಮಾತಿಗೆ ತೂಕವಿತ್ತು.

ಹಾಸುಬಂಡೆಯ ಮೇಲೆ ಎಲ್ಲರೂ ಸೇರಿದರು. ಜಿಂಕೆಗಳು ಬಂದವು, ಮೊಲಗಳು ಬಂದವು, ಮಾದಮ್ಮ ಮೆಲುಕು ಹಾಕುತ್ತ ಬಂದಳು. ಬೂದಪ್ಪನ ಬಳಗದ ಮುಸುವರು ಮತ್ತಿಮರ ಹತ್ತಿ ಕೂತರು.

ಬೂದಪ್ಪ ಎದೆಗೆ ಕೈಯಿಟ್ಟು ಶುರುಮಾಡಿದ. “ಅಜ್ಜಾ, ಟಾಫಿ ನಮ್ಮ ಮುಸುವರ ಮನೆತನದ ತಿಂಡಿ. ನಮ್ಮ ಮುತ್ತಜ್ಜನ ಕಾಲದ್ದು. ಈ ಕೆಂಚ ಅದನ್ನು ಕದ್ದು ಕಲಿತ. ಒಲೆ ನಮಗೆ ಸೇರಬೇಕು.”

“ಸುಳ್ಳು,” ಎಂದ ಕೆಂಚ.

“ತಡಿ ಮರಿ, ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು,” ಎಂದು ಬೂದಪ್ಪ ನಕ್ಕ. ಆಮೇಲೆ ಟಾಫಿ ಮಾಡುವ ಬಗೆಯನ್ನು ಒಂದೂ ಬಿಡದೆ ಒಪ್ಪಿಸಿದ. ಕಾಯಿ ಹಳದಿಯಾಗುವುದು, ಬಾಳೆಲೆ, ಆರು ದಿನ, ಬೆಣ್ಣೆ, ಬೆಲ್ಲ ಎಲ್ಲವೂ ಸರಿಯಾಗಿತ್ತು. ಸೇರಿದವರೆಲ್ಲ ಮುಖಮುಖ ನೋಡಿಕೊಂಡರು.

“ಇಷ್ಟು ಗೊತ್ತಿರಬೇಕಾದರೆ ಮುಸುವನ ಮಾತಿನಲ್ಲೂ ಹುರುಳಿದೆ,” ಎಂದು ಒಂದು ಜಿಂಕೆ ಗೊಣಗಿತು.

ಕರಡಿ ಅಜ್ಜ ಗಡ್ಡ ಕೆರೆದುಕೊಂಡ. “ಕೆಂಚ, ಜಗಳ ಯಾಕಪ್ಪ. ಒಂದು ದಿನ ನೀನು ಒಲೆ ಹಚ್ಚು, ಒಂದು ದಿನ ಅವನು ಹಚ್ಚಲಿ. ಇಬ್ಬರ ಹೆಸರಲ್ಲೂ ಟಾಫಿ ಇರಲಿ.”

“ಆಗಲ್ಲ ಅಜ್ಜ.”

ಎಲ್ಲರೂ ಬೆಚ್ಚಿದರು. ಅಜ್ಜನಿಗೆ ಆಗಲ್ಲ ಎಂದವರನ್ನು ಅವರು ಈವರೆಗೆ ಕಂಡಿರಲಿಲ್ಲ.

ಮಾದಮ್ಮ ಮೆಲ್ಲಗೆ ಅಂದಳು, “ಒಪ್ಪಿಕೊಂಡುಬಿಡೋ ಮಗಾ. ಅವನ ಕಡೆ ನಲವತ್ತು ಮುಸುವರಿದ್ದಾರೆ. ನೀನು ನೋಡಿದರೆ ಗೇಣುದ್ದ ಇದ್ದೀಯ.”

“ಗೇಣುದ್ದವೇ ಇದ್ದೇನೆ ಮಾದಮ್ಮ,” ಎಂದ ಕೆಂಚ. “ಆದರೆ ಆ ಗೇಣು ಪೂರ್ತಿ ನಂದೇ. ಯಾರ ಹತ್ತಿರವೂ ಸಾಲ ತಂದದ್ದಲ್ಲ. ಅರೆದದ್ದು ಈ ಕೈ, ಸುಟ್ಟುಕೊಂಡದ್ದು ಈ ಕೈ. ಇವತ್ತು ಅರ್ಧ ಒಲೆ ಕೊಟ್ಟರೆ, ಇವನದು ಅರ್ಧ ನಿಜ ಅಂತ ನಾನೇ ಒಪ್ಪಿಕೊಂಡ ಹಾಗೆ. ಅರ್ಧ ಅಲ್ಲ, ಒಲೆಯ ಬೂದಿಯನ್ನೂ ಕೊಡಲ್ಲ.”

ಅಜ್ಜನ ಹುಬ್ಬು ಗಂಟಾಯಿತು. “ಸೊಕ್ಕು ಜಾಸ್ತಿಯಾಯಿತು ಹುಡುಗ. ಇವನಿಗೆ ಎಲ್ಲ ಹೇಗೆ ಗೊತ್ತು, ಅದನ್ನು ಹೇಳು.”

ಕೆಂಚ ಬೂದಪ್ಪನ ಕಡೆ ತಿರುಗಿದ. ಅಷ್ಟರಲ್ಲಿ ಬೂದಪ್ಪನೇ ಗೆದ್ದ ಖುಷಿಯಲ್ಲಿ ಒಂದು ಮಾತು ಜಾಸ್ತಿ ಆಡಿದ. “ಅಜ್ಜಾ, ಮನೆತನದ ಗುಟ್ಟು ಒಂದಿದೆ. ಅದನ್ನೂ ಹೇಳಿಬಿಡ್ತೀನಿ. ಕೊನೆಯಲ್ಲಿ ಒಂದು ಹನಿ ನೀರಿಗೆ, ಆಮೇಲೆ ಬಂಡೆಗೆ. ಬಂಡೆಗೆ ಬಗ್ಗಿ ಭಕ್ತಿಯಿಂದ ನಮಸ್ಕಾರ. ಹೀಗೆ ಮೂರು ಸಲ. ನಮಸ್ಕಾರ ಮಾಡದಿದ್ದರೆ ಟಾಫಿ ಒಲಿಯೋದಿಲ್ಲ.”

ನಮಸ್ಕಾರ ಅಂದದ್ದು ಕೇಳಿ ಕೆಂಚನ ಕಿವಿ ನಿಮಿರಿತು. ಆಮೇಲೆ ಕತ್ತೆತ್ತಿ ಮತ್ತಿಮರದ ಕೊಂಬೆ ನೋಡಿದ. ಕೊಂಬೆಯ ತೊಗಟೆ ಯಾರೋ ತಿಂಗಳಾನುಗಟ್ಟಲೆ ಕೂತು ನುಣ್ಣಗಾಗಿತ್ತು. ಅವನ ಮೀಸೆ ಕುಣಿಯಿತು.

“ಅಜ್ಜ, ನಾನು ವಾದ ಮಾಡಲ್ಲ,” ಎಂದ. “ಒಲೆ ಇಲ್ಲೇ ಇದೆ. ಸಾಮಾನು ನಾನೇ ಕೊಡ್ತೀನಿ. ಬೂದಪ್ಪಣ್ಣ ಮನೆತನದ ಟಾಫಿ ಮಾಡಲಿ. ಆಮೇಲೆ ನಾನು ಮಾಡ್ತೀನಿ. ನಾನು ಸೋತರೆ ನನ್ನ ಮಡಕೆಯನ್ನು ನಾನೇ ಒಡೆದು ಈ ಕಾಡು ಬಿಡ್ತೀನಿ.”

“ಮಾತು ಅಂದರೆ ಮಾತು,” ಎಂದು ಬೂದಪ್ಪ ಬಾಲವನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದ. ಅವನಿಗೆ ಭಯವೇ ಇರಲಿಲ್ಲ. ಎಲ್ಲವನ್ನೂ ಕಣ್ಣಾರೆ ನೋಡಿದ್ದನಲ್ಲ.

ಅವನು ಬೆಣ್ಣೆ ಹಾಕಿದ. ಬೆಲ್ಲ ಹಾಕಿದ. ಕೆಂಚನ ಹಾಗೆಯೇ ಸೊಂಟ ಬಳುಕಿಸಿ ಸೌಟು ತಿರುವಿದ. ಪಾಕ ಕುದಿಯತೊಡಗಿದ್ದೇ ತಡ, ಒಂದು ಹನಿ ನೀರಿಗೆ ಬಿಟ್ಟ. ಎತ್ತಿ ಬಂಡೆಗೆ ಹಾಕಿದ. ಕಣ್ಣು ಮುಚ್ಚಿ, ಕೈ ಮುಗಿದು, ಹಣೆಯನ್ನು ಬಂಡೆಗೆ ಮುಟ್ಟಿಸಿದ. ಮುಂದೆ ಕೂತಿದ್ದ ಎರಡು ಮೊಲಗಳೂ ಕೈ ಮುಗಿದವು.

ಎರಡನೆಯ ಹನಿ, ಎರಡನೆಯ ನಮಸ್ಕಾರ. ಮೂರನೆಯ ಹನಿ, ಮೂರನೆಯ ನಮಸ್ಕಾರ. ಹನಿಗಳು ಮೂರೂ ಬಂಡೆಗೆ ಅಂಟಿಕೊಂಡು ಬೆಲ್ಲದ ಬೊಟ್ಟಿನಂತೆ ಕೂತಿದ್ದವು. ಬೂದಪ್ಪ ಅವುಗಳ ಕಡೆ ನೋಡಲೇ ಇಲ್ಲ. ಪಾಕವನ್ನು ಎಲೆಗೆ ಸುರಿದ, ಚಾಕಲೇಟು ಬಳಿದ, ಗೇರುಬೀಜ ಉದುರಿಸಿದ. ನೋಡಲು ಬಲು ಚೆಂದವಾಗಿತ್ತು.

ಆರಿದ ಮೇಲೆ ಅಜ್ಜ ಹೇಳಿದ, “ಕಟ್ಟಳೆ ಗೊತ್ತಲ್ಲ. ಮೊದಲ ತುತ್ತು ನಿನ್ನದು. ತಿಂದು ಮೂರು ಸಲ ಹೇಳು.”

ಬೂದಪ್ಪ ಒಡೆಯಲು ಹೋದ, ಒಡೆಯಲಿಲ್ಲ. ಎಳೆದ, ಬಂತು. ಮುಷ್ಟಿಗಾತ್ರದ ಉಂಡೆಯನ್ನೇ ಬಾಯಿಗೆ ತುಂಬಿಕೊಂಡು ಗಟ್ಟಿಯಾಗಿ ಕಚ್ಚಿದ. ಕಚ್ಚಿದ್ದು ಕಚ್ಚಿದಂತೆಯೇ ಉಳಿಯಿತು. ಮೇಲಿನ ದವಡೆ ಕೆಳಗಿನ ದವಡೆಯನ್ನು ಬಿಡಲಿಲ್ಲ.

“ಹೇಳಪ್ಪ,” ಎಂದ ಅಜ್ಜ.

“ಮ್‌ಮ್,” ಎಂದ ಬೂದಪ್ಪ.

“ಯಾರ ಅಡುಗೆ ಇದು?”

“ಮ್‌ಮ್ಮ್‌ಮ್.” ಅವನು ಎರಡು ಕೈಯಿಂದ ಗಲ್ಲ ಹಿಡಿದು ಎಳೆದ. ಬೆರಳುಗಳೂ ಅಂಟಿಕೊಂಡವು.

“ಸ್ವಲ್ಪ ಹೊತ್ತು ಕೊಡಿ ಅಜ್ಜ,” ಎಂದ ಕೆಂಚ. “ಬಾಯಲ್ಲಿ ಮನೆತನ ಸಿಕ್ಕಿಹಾಕಿಕೊಂಡಿದೆ.”

ಮಾದಮ್ಮ ನಕ್ಕ ನಗೆಗೆ ಮೆಲುಕು ಹಾಕುತ್ತಿದ್ದ ಹುಲ್ಲು ಮೂಗಿಗೇರಿತು. ಮತ್ತಿಮರದ ಮೇಲಿದ್ದ ನಲವತ್ತು ಮುಸುವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು.

ಕೆಂಚ ಮಡಕೆ ತೊಳೆದು ಒಲೆಗೇರಿಸಿದ. ಬೆಣ್ಣೆ, ಬೆಲ್ಲ, ಸೌಟು. ಅವನು ಅವಸರ ಮಾಡಲಿಲ್ಲ. ಮೊದಲ ಹನಿ ಹಾಕಿ ಬಗ್ಗಿದ, ಎದ್ದ, ತಲೆಯಾಡಿಸಿದ. ಎರಡನೆಯದಕ್ಕೂ ತಲೆಯಾಡಿಸಿದ. ಆ ದಿನ ಸೌದೆ ಹಸಿಯಿತ್ತು, ಉರಿ ಸಣ್ಣದಿತ್ತು. ಮೂರಾಯಿತು, ನಾಲ್ಕಾಯಿತು.

“ಮೂರೇ ಅಲ್ಲವಾ ನಮಸ್ಕಾರ?” ಎಂದು ಒಂದು ಮೊಲ ಕೇಳಿತು.

“ನಮಸ್ಕಾರ ಯಾರಿಗೆ ಬೇಕಿತ್ತು?” ಎಂದ ಕೆಂಚ. “ಬನ್ನಿ, ಎಲ್ಲರೂ ಬಂಡೆಗೆ ಕಿವಿ ಹಚ್ಚಿ. ಅಜ್ಜ, ನೀವೂ ಬಗ್ಗಿ.”

ಕರಡಿ ಅಜ್ಜ ಸೊಂಟ ಹಿಡಿದುಕೊಂಡು ಬಗ್ಗಿದ. ಜಿಂಕೆ, ಮೊಲ, ಮಾದಮ್ಮ ಎಲ್ಲರೂ ಬಗ್ಗಿ ಹಾಸುಬಂಡೆಗೆ ಕಿವಿ ಹಚ್ಚಿದರು. ದೂರದಿಂದ ನೋಡಿದರೆ ಕಾಡಿಗೆ ಕಾಡೇ ಕೆಂಚನಿಗೆ ನಮಸ್ಕಾರ ಮಾಡುವ ಹಾಗಿತ್ತು. ಕೆಂಚ ಐದನೆಯ ಮಣಿಯನ್ನು ನೀರಿನಿಂದ ತೆಗೆದು ಕಲ್ಲಿಗೆ ಹಾಕಿದ.

‘ಟಣ್.’

ಹಳ್ಳದ ಅಬ್ಬರದ ನಡುವೆಯೂ ಆ ಸದ್ದು ಬಂಡೆಯೊಳಗೆ ಹರಿದು ಎಲ್ಲರ ಕಿವಿಗೂ ಬಂತು. ಅಂಟಿದ ಬಾಯಿ ಹಿಡಿದುಕೊಂಡು ಬಂಡೆಗೆ ಒರಗಿದ್ದ ಬೂದಪ್ಪನಿಗೂ ಕೇಳಿತು. ಅವನ ಕಣ್ಣುಗಳು ಅರಳಿದವು. ಚಳಿಗಾಲವಿಡೀ ಕಿವಿಗೆ ಬೀಳದೇ ಹೋದದ್ದು ಏನೆಂದು ಅವನಿಗೆ ಆಗ ತಿಳಿಯಿತು.

ಟಾಫಿ ಆರಿತು. ಕೆಂಚ ಕಲ್ಲಿನಿಂದ ಒಂದೇಟು ಕೊಟ್ಟ. ಅದು ಗಾಜಿನಂತೆ ಚೂರಾಯಿತು. ಒಂದು ಚೂರು ಬಾಯಿಗೆ ಹಾಕಿಕೊಂಡು ಕಟಕಟ ಕಡಿದು ನುಂಗಿದ. “ಇದು ನನ್ನ ಅಡುಗೆ,” ಎಂದ. “ಇದು ನನ್ನ ಅಡುಗೆ. ಇದು ನನ್ನ ಅಡುಗೆ.” ಮೂರನೆಯ ಸಲ ಹೇಳಿದ್ದು ಗುಡ್ಡದಾಚೆಗೂ ಕೇಳಿಸಿತು.

ಎರಡು ಹಲ್ಲಿನ ಅಜ್ಜ ಒಂದು ಚೂರನ್ನು ದವಡೆಯಲ್ಲಿಟ್ಟು ಕಣ್ಣು ಮುಚ್ಚಿ ಚೀಪಿದ. ಬೆರಳನ್ನೂ ನೆಕ್ಕಿದ. ಕೊನೆಗೆ ಹೇಳಿದ, “ಒಲೆ ಕೆಂಚನದು. ಅರ್ಧ ಮಾಡಿಕೋ ಅಂದೆನಲ್ಲ, ಆ ಮಾತು ವಾಪಸು ತಗೊಂಡೆ. ಇನ್ನೊಂದು ಚೂರು ಕೊಡು.”

ಸಂಜೆ ಕೆಂಚನೇ ಬೂದಪ್ಪನಿಗೆ ಬಿಸಿನೀರು ತಂದುಕೊಟ್ಟ. “ಬಾಯಲ್ಲಿ ಇಟ್ಟುಕೋ, ಬಿಡುತ್ತೆ. ಬಿಟ್ಟ ಮೇಲೆ ಮೊದಲ ಮಾತು ನಿಜ ಇರಲಿ.”

ಬಾಯಿ ಬಿಡಲು ಬಹಳ ಹೊತ್ತು ಹಿಡಿಯಿತು. ಬೂದಪ್ಪ ತಲೆ ತಗ್ಗಿಸಿ ಹೇಳಿದ, “ಮರದ ಮೇಲಿಂದ ನೋಡಿ ಕದ್ದೆ. ಮನೆತನ ಗಿನೆತನ ಏನೂ ಇಲ್ಲ.”

“ಕೆಳಗಿಳಿದು ಪಕ್ಕದಲ್ಲಿ ಕೂತಿದ್ದರೆ ನಾನೇ ಹೇಳಿಕೊಡ್ತಿದ್ದೆ,” ಎಂದ ಕೆಂಚ. “ಈಗಲೂ ಕಲಿಯಬಹುದು. ನಾಳೆ ಬೆಳಿಗ್ಗೆ ಬಾ, ಸೌಟು ಹಿಡಿ. ಎರಡು ಚಳಿಗಾಲ ತಿರುವು, ಆಮೇಲೆ ಹದದ ಮಾತು. ಒಲೆಯ ಮೇಲೆ ಮಾತ್ರ ಕಣ್ಣು ಹಾಕಬೇಡ.”

ಮಾರನೆಯ ಬೆಳಿಗ್ಗೆ ಬೂದಪ್ಪ ಬಂದು ಸೌಟು ಹಿಡಿದ. ಅವನ ಮೂಗಿನ ಮೇಲೆ ಒಂದು ನೊಣ ಕೂತಿತು. ಅದನ್ನು ಓಡಿಸಲು ಅವನು ಸೌಟು ಬಿಟ್ಟ. ಪಾಕ ತಳ ಹಿಡಿಯಿತು. ಕೆಂಚ ಸುಟ್ಟ ಮಡಕೆಯನ್ನು ಅವನ ಕೈಗೆ ಕೊಟ್ಟು ಹಳ್ಳದ ಕಡೆ ಬೆರಳು ತೋರಿಸಿದ. ಬೂದಪ್ಪ ಮಡಕೆ ತಿಕ್ಕಲು ಹೋದ.

ನೀತಿ: ಬೇರೆಯವರ ದುಡಿಮೆಯನ್ನು ನೋಡಿ ಕದ್ದವನಿಗೆ ಅದರ ಹದ ಸಿಗುವುದಿಲ್ಲ; ನಿನ್ನ ಕೈಯಾರೆ ದುಡಿದದ್ದನ್ನು ಯಾರಾದರೂ ತಮ್ಮದೆಂದರೆ, ಎದುರಿಗೆ ಎಷ್ಟೇ ಜನರಿದ್ದರೂ ಅರ್ಧವನ್ನೂ ಬಿಟ್ಟುಕೊಡಬೇಡ.