ಹೂವಾಡಿಗನ ತೇಪೆ

"ಗುರುಗಳೇ, ಮನಸ್ಸಿಟ್ಟು ಕ್ಷಮೆ ಕೇಳಿದ ಮೇಲೂ ಜಗಳ ಯಾಕೆ ಮತ್ತೆ ಹುಟ್ಟುತ್ತೆ?"

ಕೇಳಿದವನು ಗವಿಯಪ್ಪ. ಸಂಸಾರಸ್ಥ, ಬಹಳ ವರ್ಷಗಳಿಂದ ಮಠಕ್ಕೆ ನಡೆದುಕೊಳ್ಳುವವನು. ಅಂದು ಬಂದವನು ಕಾಲು ತೊಳೆಯುವುದನ್ನೂ ಮರೆತು ಗುರುಗಳ ಎದುರು ಕೂತುಬಿಟ್ಟಿದ್ದ.

"ಯಾರ ಜೊತೆ ಜಗಳ?"

"ಅಣ್ಣನ ಜೊತೆ, ಇನ್ಯಾರು! ಎಷ್ಟೋ ಸಲ ಹೋಗಿ ಕಾಲು ಹಿಡಿದಿದ್ದೀನಿ. ಅವನೂ ಕಲ್ಲಲ್ಲ. ಪ್ರತಿ ಸಲ ಎಬ್ಬಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿಸ್ತಾನೆ. ಸ್ವಲ್ಪ ದಿನ ಚೆನ್ನಾಗಿರ್ತೀವಿ. ಆಮೇಲೆ ಎಮ್ಮೆ ಬೇಲಿ ದಾಟ್ತು ಅಂತಲೋ, ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತಲೋ ಮತ್ತೆ ಶುರು. ಈಗ ಅವನ ಮಗಳು ರತ್ನಿಗೆ ಮದುವೆ ಗೊತ್ತಾಗಿದೆ. ನನ್ನ ಹೆಗಲ ಮೇಲೆ ಬೆಳೆದ ಹುಡುಗಿ ಅದು. ಅಣ್ಣ ಹೇಳಿಕಳಿಸಿದಾನೆ. ಇನ್ನೊಂದು ಸಲ ರಾಜಿಯಾಗ್ತೀನಿ, ಆಮೇಲೂ ಜಗಳ ತೆಗೆದರೆ ಚಪ್ಪರದ ಕಡೆ ತಲೆ ಹಾಕೋದು ಬೇಡ ಅಂತ."

"ಮೊದಲನೆಯ ಜಗಳ ಯಾವುದಕ್ಕೆ ಆಯಿತು?"

"ಅಪ್ಪ ತೀರಿಕೊಂಡಾಗ. ಅಪ್ಪನ ಸಾಮಾನು ಹಂಚಿಕೊಳ್ಳೋವಾಗ ಏನೋ ಒಂದು ಮಾತು ಬಂತು. ಅದೆಲ್ಲ ಹಳೇದು ಬಿಡಿ."

ಹೀಗೆ ಹೇಳುತ್ತ ಗವಿಯಪ್ಪ ಬಲಗೈ ಬೆರಳಿನ ಉಂಗುರವನ್ನು ತಿರುಗಿಸುತ್ತಿದ್ದ. ಆ ಉಂಗುರವನ್ನು ಗುರುಗಳು ಅವನ ತಂದೆಯ ಕೈಯಲ್ಲಿ ನೋಡಿದ್ದರು. ಅವರ ಕಣ್ಣು ಅಲ್ಲಿಗೆ ಹೋದದ್ದು ತಿಳಿದು ಗವಿಯಪ್ಪ ಕೈಯನ್ನು ಹೊದ್ದ ಟವೆಲಿನೊಳಗೆ ಎಳೆದುಕೊಂಡ.

"ಈ ಸಲ ಯಾವ ಮಾತು ಆಡಿದರೆ ರಾಜಿ ನಿಲ್ಲುತ್ತೆ, ಅದನ್ನ ಹೇಳಿಕೊಡಿ" ಎಂದ.

ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಹೂವಾಡಿಗನಿದ್ದ. ಹೆಸರು ಬೇಡ, ಅವನ ಮೊಮ್ಮಕ್ಕಳು ಈಗಲೂ ಈ ಮಠಕ್ಕೆ ಬರುತ್ತಾರೆ. ಅವನಿಗೆ ಒಂದು ಸೈಕಲ್ ಇತ್ತು. ಬೆಳಗಿನ ಜಾವ ಹೆಂಡತಿ ಮಾಲೆ ಕಟ್ಟಿ ಬುಟ್ಟಿ ತುಂಬಿಸುತ್ತಿದ್ದಳು. ಅವನು ಬುಟ್ಟಿಯನ್ನು ಕ್ಯಾರಿಯರಿಗೆ ಬಿಗಿದು, ಕೆರೆಯ ಏರಿ ದಾಟಿ, ಆಚೆ ಊರಿನ ಅಮ್ಮನ ಗುಡಿಗೆ ಹೋಗುತ್ತಿದ್ದ. ಬುಟ್ಟಿಯ ಮೊದಲ ಮಾಲೆ ಅಮ್ಮನಿಗೆ. ಅದು ಅಮ್ಮನ ಕೊರಳಿಗೆ ಬೀಳುವ ತನಕ ಯಾರು ಕೇಳಿದರೂ ಒಂದು ಮೊಳ ಹೂ ಮಾರುವಂತಿಲ್ಲ. ಅದು ಅವನ ಅಜ್ಜನ ಕಾಲದಿಂದ ಬಂದ ಸೇವೆ. ಅವನಿಗೆ ಹೊಲವಿರಲಿಲ್ಲ, ಒಡವೆಯಿರಲಿಲ್ಲ. ಊರಿನಲ್ಲಿ ತಲೆಯೆತ್ತಿ ನಡೆಯಲು ಇದ್ದದ್ದು ಆ ಸೇವೆ ಒಂದೇ.

ಒಂದು ದಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಹೂವಾಡಿಗ ಸ್ವಲ್ಪ ಕೈ ಬಿಗಿಯ ಮನುಷ್ಯ. ಸೈಕಲ್ ಅಂಗಡಿಗೆ ಯಾಕೆ ಸುರಿಯಬೇಕು, ಮನೆಯಲ್ಲೇ ಸರಿಮಾಡಿಕೊಳ್ಳುತ್ತೇನೆ ಎಂದ. ಅದರಲ್ಲೇನೂ ತಪ್ಪಿಲ್ಲ. ತನ್ನ ಸೈಕಲ್ಲನ್ನು ತಾನೇ ರಿಪೇರಿ ಮಾಡಿಕೊಳ್ಳುವವನನ್ನು ಕಂಡರೆ ನನಗೆ ಇಷ್ಟ.

ಅವನು ಎರಡು ಚಮಚಗಳ ಹಿಡಿ ತೂರಿಸಿ ಟಯರಿನ ಅಂಚನ್ನು ಎಬ್ಬಿಸಿದ. ಟ್ಯೂಬನ್ನು ಹೊರಗೆಳೆದು, ನೆರೆಮನೆಯ ಪಂಪು ತಂದು ಗಾಳಿ ತುಂಬಿ, ಹೂ ನೆನೆಸುವ ಬೋಗುಣಿಯ ನೀರಿನಲ್ಲಿ ಮುಳುಗಿಸಿದ. ಗುಳ್ಳೆ ಎದ್ದ ಕಡೆ ತೂತು. ಅಲ್ಲಿ ಒರೆಸಿ, ಉಪ್ಪುಕಾಗದದಿಂದ ಉಜ್ಜಿದ. ಹಳೆಯ ಟ್ಯೂಬಿನಿಂದ ಒಂದು ತುಂಡು ಕತ್ತರಿಸಿಕೊಂಡು, ಎರಡಕ್ಕೂ ಸೊಲ್ಯೂಷನ್ ಹಚ್ಚಿ, ಒಣಗುವ ತನಕ ಕಾದು ಅಂಟಿಸಿದ. ತೇಪೆ ಗಟ್ಟಿಯಾಗಿ ಕೂತಿತು.

ಟ್ಯೂಬನ್ನು ಮತ್ತೆ ಹಾಕುವ ಮೊದಲು ಟಯರಿನ ಒಳಗೆ ಬೆರಳಾಡಿಸಿ ನೋಡಬೇಕು. ಅದು ಅವನಿಗೂ ಗೊತ್ತಿತ್ತು, ಆಡಿಸಿದ. ಏನೋ ಚುಚ್ಚಿತು. ಬೆರಳ ತುದಿಯಲ್ಲಿ ರಕ್ತದ ಹನಿ ಬಂತು. ಏರಿಯ ಮೇಲಿನ ಜಾಲಿಮುಳ್ಳು ಹಾಯ್ದು, ಹೊರಗಿನದು ಮುರಿದು ಬಿದ್ದು, ತುದಿ ಮಾತ್ರ ಒಳಗೆ ಉಳಿದಿತ್ತು. ಅದನ್ನು ಕೀಳಬೇಕಾದರೆ ಟಯರನ್ನು ಪೂರ್ತಿ ಬಿಚ್ಚಿ, ಒಳಗನ್ನು ಹೊರಗೆ ಮಾಡಿ, ಇಕ್ಕಳ ಹಿಡಿದು ಕೂರಬೇಕು. ಇನ್ನೆರಡು ಸಲ ಚುಚ್ಚಿಸಿಕೊಳ್ಳಲೂಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಆ ಟಯರು ಹೊಸದು. ಇದಕ್ಕೆ ಯಾವ ಮುಳ್ಳೂ ಹಾಯುವುದಿಲ್ಲ ಎಂದು ಅವನು ಕಂಡಕಂಡವರ ಮುಂದೆ ಕೊಚ್ಚಿಕೊಂಡಿದ್ದ. ಈಗ ಮುಳ್ಳು ಕಿತ್ತು ತೋರಿಸುವುದು ಹೇಗೆ?

ಅವನು ಬೆರಳನ್ನು ಬಾಯಲ್ಲಿಟ್ಟು ಚೀಪಿದ. ಟ್ಯೂಬನ್ನು ಒಳಗೆ ಹಾಕಿ ಗಾಳಿ ತುಂಬಿದ.

ಕೆಲವು ದಿನ ಸೈಕಲ್ ಓಡಿತು. ಆಮೇಲೆ ಒಂದು ಬೆಳಗ್ಗೆ ನೋಡಿದರೆ ಗಾಲಿ ನೆಲಕ್ಕೆ ಕೂತಿತ್ತು. ಮತ್ತೆ ಚಮಚ, ಮತ್ತೆ ಬೋಗುಣಿ, ಮತ್ತೆ ಗುಳ್ಳೆ. ತೂತು ಹಳೆಯ ತೇಪೆಯ ಪಕ್ಕದಲ್ಲೇ. ಇನ್ನೊಂದು ತೇಪೆ ಹಾಕಿದ. ಈ ಸಲ ಟಯರಿನೊಳಗೆ ಬೆರಳಾಡಿಸುವಾಗ ಆ ಒಂದು ಜಾಗ ಬಿಟ್ಟು ಉಳಿದ ಕಡೆಯೆಲ್ಲ ಆಡಿಸಿದ. ಏನೂ ಸಿಗಲಿಲ್ಲ. ಅವನಿಗೆ ಸಮಾಧಾನವಾಯಿತು.

ನಗಬೇಡ ಗವಿಯಪ್ಪ. ಮುಂದೆ ಕೇಳು.

ಅಲ್ಲಿಂದ ಅವನಿಗೆ ಅದೇ ಒಂದು ಕೆಲಸವಾಯಿತು. ಗಾಳಿ ಇಳಿದಾಗಲೆಲ್ಲ ಬೈಗುಳ ಒಬ್ಬೊಬ್ಬರ ಪಾಲಿಗೆ ಹೋಗುತ್ತಿತ್ತು. ಒಂದು ಸಲ ಸೊಲ್ಯೂಷನ್ ಹಳೆಯದು ಎಂದ. ಇನ್ನೊಂದು ಸಲ ನೆರೆಮನೆಯವನ ಪಂಪು ಸರಿಯಿಲ್ಲ ಎಂದ. ಬಿಸಿಲು ಹೆಚ್ಚಾಯಿತು ಎಂದ. ಕೊನೆಗೆ ಹೆಂಡತಿ ಬುಟ್ಟಿಗೆ ಹೂ ಜಾಸ್ತಿ ತುಂಬುತ್ತಾಳೆ, ಅದರ ಭಾರಕ್ಕೆ ಹೀಗಾಗುತ್ತಿದೆ ಎಂದು ಅವಳ ಮೇಲೂ ರೇಗಿದ. ಮಲ್ಲಿಗೆಗೆ ಎಂಥ ಭಾರವಪ್ಪ! ಅವಳು ಪಾಪ, ಮರುದಿನದಿಂದ ಬುಟ್ಟಿ ಹಗುರ ಮಾಡಿದಳು.

ಆದರೆ ಒಂದು ಮಾತು ನೆನಪಿಟ್ಟುಕೋ. ಅವನ ತೇಪೆ ಒಂದೂ ಕಿತ್ತುಬರಲಿಲ್ಲ. ಪ್ರತಿಯೊಂದನ್ನೂ ಅವನು ಮನಸ್ಸಿಟ್ಟೇ ಹಾಕಿದ್ದ. ಹಾಕಿ ಹಾಕಿ ಕೈ ಪಳಗಿ, ಊರಿನವರು ತಮ್ಮ ಸೈಕಲ್ಲನ್ನೂ ಅವನ ಹತ್ತಿರ ತರುತ್ತಿದ್ದರು. ಅವರ ಟಯರಿನ ಮುಳ್ಳನ್ನು ಅವನು ಹುಡುಕಿ ಕಿತ್ತು ಕೊಡುತ್ತಿದ್ದ.

ಇತ್ತ ಗುಡಿಯಲ್ಲಿ ಪೂಜೆಗೆ ತಡವಾಗುತ್ತ ಬಂತು. ಪೂಜಾರಿ ಒಳ್ಳೆಯವನು, ಬಹಳ ದಿನ ತಡೆದುಕೊಂಡ. ಭಕ್ತರು ಗೊಣಗತೊಡಗಿದ ಮೇಲೆ ಹೂವಾಡಿಗನನ್ನು ಪಕ್ಕಕ್ಕೆ ಕರೆದ.

"ಬರೋ ಶುಕ್ರವಾರ ಬಿಸಿಲು ಏರೋಕೆ ಮುಂಚೆ ಮಾಲೆ ಬರಲೇಬೇಕು ಕಣಪ್ಪ. ಬರಲಿಲ್ಲ ಅಂದ್ರೆ ಬೇರೆಯವರಿಗೆ ಹೇಳ್ತೀನಿ. ಅಮ್ಮನ ಕೊರಳು ಬರಿದಾಗಿರಬಾರದು."

ಹೂವಾಡಿಗ ಗುರುವಾರವಿಡೀ ಸೈಕಲ್ಲಿನ ಮುಂದೆ ಕೂತ. ಗಾಳಿ ಸೋರುವ ಕಡೆ ಎಲ್ಲಕ್ಕಿಂತ ದೊಡ್ಡ ತೇಪೆ ಹಾಕಿದ. ಅಂಥ ಅಚ್ಚುಕಟ್ಟಾದ ತೇಪೆಯನ್ನು ಅಂಗಡಿಯವನೂ ಹಾಕಿರಲಾರ. ಟಯರನ್ನು ಕೂರಿಸುವಾಗ ಬೆರಳು ಆ ಜಾಗದ ಹತ್ತಿರ ಹೋಗಿ ಒಂದು ಗಳಿಗೆ ನಿಂತಿತು. ಆಮೇಲೆ ಹಿಂದೆ ಬಂತು. ನಾಳೆ ಒಂದು ದಿನ ಕಳೆಯಲಿ, ಆಮೇಲೆ ನೋಡೋಣ ಎಂದುಕೊಂಡ.

ಶುಕ್ರವಾರ ಏರಿಯ ನಡುವೆ ಗಾಲಿ ಕೂತಿತು. ಅವನು ಸೈಕಲ್ಲನ್ನು ಅಲ್ಲೇ ಕೆಡವಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಓಡಿದ. ಅವನು ಗುಡಿ ತಲುಪಿದಾಗ ಮಂಗಳಾರತಿ ಮುಗಿದು ಜನ ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಅಮ್ಮನ ಕೊರಳಿನಲ್ಲಿ ಬೇರೆ ಯಾರೋ ಕಟ್ಟಿದ ಮಾಲೆ ಇತ್ತು. ಪೂಜಾರಿ ಅವನನ್ನು ನೋಡಿ ತಲೆ ತಗ್ಗಿಸಿದ. ಹೂವಾಡಿಗ ಮೆಟ್ಟಿಲ ಮೇಲೆ ಕೂತು, ಅಷ್ಟು ಜನರ ಎದುರು, ಅತ್ತುಬಿಟ್ಟ.

ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಬುಟ್ಟಿಯ ಹೂ ಬಾಡಿರುವುದನ್ನು ಕಂಡೇ ಹೆಂಡತಿಗೆ ಎಲ್ಲ ತಿಳಿಯಿತು. ಅವಳು ಚಮಚ ತಂದು ತಾನೇ ಟಯರು ಬಿಚ್ಚಿದಳು, ಒಳಗೆ ಕೈಯಾಡಿಸಿದಳು. ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ರೀ, ಇಲ್ಲೇನೋ ಚುಚ್ತು ನೋಡಿ!"

"ಗೊತ್ತು ಕಣೇ. ಮೊದಲನೇ ದಿನವೇ ನನಗೂ ಚುಚ್ಚಿತ್ತು."

ಅವಳು ಗಂಡನ ಮುಖವನ್ನೇ ನೋಡಿದಳು. ಸೇವೆ ಕೈತಪ್ಪಿದ್ದಕ್ಕಿಂತ ಆ ಮಾತಿನಿಂದ ಅವಳಿಗೆ ಹೆಚ್ಚು ನೋವಾಯಿತು. ಇಕ್ಕಳ ತಂದು ಮುಳ್ಳು ಕಿತ್ತು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು. ಅದು ಒಂದು ಅಕ್ಕಿಕಾಳಿನಷ್ಟೂ ಇರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಗವಿಯಪ್ಪನಿಗೆ ಹೂವಾಡಿಗನ ಮೇಲೆ ಸಿಟ್ಟು ಬಂತು. "ಎಂಥ ದಡ್ಡ ಗುರುಗಳೇ! ಗೊತ್ತಿದ್ದೂ ಮುಳ್ಳನ್ನ ಒಳಗೇ ಇಟ್ಕೊಂಡು ಅಮ್ಮನ ಸೇವೆ ಕಳ್ಕೊಂಡನಲ್ಲ" ಎಂದ. ಆಮೇಲೆ ಸ್ವಲ್ಪ ಮುಂದೆ ಸರಿದು ಕೂತ. "ನೀವು ಹೇಳಿದ್ದು ಅರ್ಥವಾಯ್ತು. ಅಣ್ಣನಿಗೂ ನನಗೂ ನಡುವೆ ಎಲ್ಲೋ ಒಂದು ಮುಳ್ಳು ಉಳಿದಿದೆ. ರತ್ನಿ ಮದುವೆಯೊಳಗೆ ಅದನ್ನ ಕೀಳಬೇಕು. ಎಲ್ಲಿದೆ ಅಂತ ಹೇಗೆ ಹುಡುಕಲಿ?"

ಅವನ ಬಲಗೈ ಇನ್ನೂ ಟವೆಲಿನೊಳಗೇ ಇತ್ತು. ಗುರುಗಳು ತಮ್ಮ ಅಂಗೈಯನ್ನು ಅವನ ಮುಂದೆ ಚಾಚಿದರು.

"ಎಲ್ಲಿ, ನಿನ್ನ ಬೆರಳು ತೋರಿಸು."

ಗವಿಯಪ್ಪ ಉಂಗುರದ ಕೈಯ ಮೇಲೆ ಟವೆಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ.